ಕೊನೆಯ ಸಾಲಿನ ಖಾಲಿ ಜಾಗ

ಕವಿತೆಗಳ ಕೆಳಗೆ ಹೆಸರಿರುತ್ತಿರಲಿಲ್ಲ. "ಒಬ್ಬಾಕೆ, ಖಾನಾಪುರ" ಎಂದಷ್ಟೇ ಅಚ್ಚಾಗಿರುತ್ತಿತ್ತು. ಆ ಕವಿತೆಗಳನ್ನೆಲ್ಲ ಒಟ್ಟುಮಾಡಿ ಪುಸ್ತಕ ತರಬೇಕೆಂದು ಬೆಳಗಾವಿಯ ಸಣ್ಣ ಪ್ರಕಾಶಕರೊಬ್ಬರು ಮನಸ್ಸು ಮಾಡಿ, ಸಂಪಾದನೆ ಮತ್ತು ಮುನ್ನುಡಿ ಎರಡನ್ನೂ ನನ್ನ ತಲೆಗೆ ಕಟ್ಟಿದರು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಈ ಅನಾಮಧೇಯ ಹೆಂಗಸಿನ ಒಂದೆರಡು ಕವಿತೆಗಳನ್ನು ತರಗತಿಯಲ್ಲಿ ಓದಿ ಹೇಳಿ, ನನ್ನದೇ ಶೋಧ ಎಂಬಂತೆ ಬೀಗಿದ್ದೂ ಇತ್ತು. ಹಾಗಾಗಿ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಮೊದಲ ಕೆಲಸ ಹುಡುಕುವುದು. ನಿಂತುಹೋದ ಪತ್ರಿಕೆಗಳು, ದೀಪಾವಳಿ ವಿಶೇಷಾಂಕಗಳು, ಅವರಿವರ ಮನೆಯ ಅಟ್ಟದ ಮೇಲಿನ ಕಟ್ಟುಗಳು. ಗೆದ್ದಲು ಹಿಡಿದ ಪುಟಗಳನ್ನು ಮುಟ್ಟಿದರೆ ಪುಡಿಯಾಗುತ್ತಿದ್ದವು, ಆದ್ದರಿಂದ ಮೊಬೈಲಿನಲ್ಲಿ ಫೋಟೊ ತೆಗೆದು ಮನೆಗೆ ಬಂದು ಟೈಪ್ ಮಾಡುತ್ತಿದ್ದೆ. ಒಂದೊಂದು ಕವಿತೆಗೆ ಒಂದೊಂದು ಕಾರ್ಡು ಮಾಡಿದೆ. ಪ್ರತಿಮೆಗಳಿಗೆ ಕೆಂಪು ಗೆರೆ, ಕ್ರಿಯಾಪದಗಳಿಗೆ ನೀಲಿ ಗೆರೆ. ಊಟದ ಮೇಜಿನ ತುಂಬ ಕಾರ್ಡುಗಳೇ ಆಗಿ, ಮನೆಯವರೆಲ್ಲ ತಾಟು ಕೈಯಲ್ಲಿ ಹಿಡಿದುಕೊಂಡು ಉಣ್ಣುವ ಪರಿಸ್ಥಿತಿ ಬಂತು.

ಕಾರ್ಡು ಜೋಡಿಸುತ್ತ ಹೋದಂತೆ ಒಂದು ಚಿತ್ರ ಕಾಣತೊಡಗಿತು. ಮತ್ತೆ ಮತ್ತೆ ಬರುವವು ಕೆಲವೇ ವಸ್ತುಗಳು: ಹೊಸ್ತಿಲು, ತಾಮ್ರದ ಕೊಡ, ಅಕ್ಕಿ, ದೀಪ. ಉಪಮೆ ಇಲ್ಲವೇ ಇಲ್ಲ. ವಿಶೇಷಣ ಅಪರೂಪ. ಎಲ್ಲವೂ ಪುಟ್ಟ ಕವಿತೆಗಳು, ಮತ್ತು ಪ್ರತಿಯೊಂದರ ಕೊನೆಯ ಸಾಲು ಮಿಕ್ಕ ಸಾಲುಗಳಿಗಿಂತ ಗಿಡ್ಡ, ಯಾರೋ ಕತ್ತರಿಯಿಂದ ತುದಿ ಕತ್ತರಿಸಿದಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಬಹುತೇಕ ಎಲ್ಲ ಕವಿತೆಗಳಲ್ಲೂ ಒಂದು "ನೀನು" ಇತ್ತು. ಉದಾಹರಣೆಗೆ ಇದು:

ತಾಮ್ರದ ಕೊಡದ ತುಂಬ ಇಳಿಬಿಸಿಲ ನೀರು
ಅಕ್ಕಿ ಆರಿಸುವಾಗ ಮಗ್ಗುಲಿಗೆ ಬಂದು ಕೂತಿ
ಉಣ್ಣಲಿಲ್ಲ, ಏನೂ ಬೇಡಲಿಲ್ಲ
ದೀಪದ ಹೊತ್ತಿಗೆ ಎದ್ದಿ

ನಾನು ಹುಟ್ಟಿ ಬೆಳೆದದ್ದು ಬಸವಣ್ಣನವರ ದಾರಿಯ ಮನೆಯಲ್ಲಿ. ಬೆಳಗಿನ ಚಹದ ಜೊತೆಗೆ ವಚನ ಕಿವಿಗೆ ಬೀಳುತ್ತಿದ್ದ ಮನೆ ಅದು. ಹೆಂಗಸೊಬ್ಬಳು ಕವಿತೆಯಲ್ಲಿ "ನೀನು" ಅಂದರೆ ನನ್ನಂಥವಳ ಮನಸ್ಸು ತಾನಾಗಿ ಶಿವನ ಕಡೆಗೇ ಓಡುತ್ತದೆ. ಶರಣ ಸತಿ, ಲಿಂಗ ಪತಿ. ಇನ್ನು ಆ ಗಿಡ್ಡ ಕೊನೆಯ ಸಾಲು? ವಚನಕಾರರೆಲ್ಲ ಕೊನೆಯಲ್ಲಿ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಡುತ್ತಾರೆ. ಈಕೆ ಇಟ್ಟಿಲ್ಲ, ಆ ಜಾಗವನ್ನು ಬರಿದು ಬಿಟ್ಟಿದ್ದಾರೆ. "ಅಂಕಿತವಿಲ್ಲದ ವಚನಗಳು" ಎಂದು ಮುನ್ನುಡಿಗೆ ತಲೆಬರಹ ಕೊಟ್ಟೆ. ಅದು ಹೊಳೆದ ದಿನ ನನಗೆ ಆದ ಹಿಗ್ಗು ಹೇಳತೀರದು. ಪ್ರಕಾಶಕರಿಗೆ ಫೋನ್ ಮಾಡಿ ಹೇಳಿದೆ. "ಮ್ಯಾಡಂ, ಇದು ಓಡತೈತ್ರಿ!" ಎಂದು ಅವರು ಆವತ್ತೇ ಖಾನಾಪುರ ಕಡೆಯ ಹಲಸಿ ಊರಿಗೆ ಹೋಗಿ, ಮುಖಪುಟಕ್ಕೆಂದು ಹಳೆಯ ಗುಡಿಯ ಫೋಟೊ ತೆಗೆದುಕೊಂಡು ಬಂದರು.

ಉಳಿದದ್ದು ಕವಿಯ ಒಪ್ಪಿಗೆ. ಅವರ ಕವಿತೆ ಹಾಕುತ್ತಿದ್ದ ಹಳೆಯ ಸಂಪಾದಕರೊಬ್ಬರನ್ನು ಕಾಡಿಬೇಡಿ ಫೋನ್ ನಂಬರು ಪಡೆದೆ. "ಅವರು ಯಾರನ್ನೂ ಭೇಟಿ ಆಗೂದಿಲ್ರಿ, ಸುಮ್ನ ಬಿಡ್ರಿ," ಎಂದು ಅವರು ಎಚ್ಚರಿಸಿದರು. ಆದರೆ ಫೋನ್ ಎತ್ತಿದ ಧ್ವನಿ ತಣ್ಣಗಿತ್ತು. "ಬರ್ರಿ. ಆದ್ರ ಕವಿತಾದ ಬಗ್ಗೆ ಏನೂ ಕೇಳಬ್ಯಾಡ್ರಿ. ಚಾ ಕುಡದು ಹೋಗೀರಂತ."

ಬೆಳಗಾವಿಯಿಂದ ರೈಲು ಹತ್ತಿದೆ. ದೇಸೂರು ಸ್ಟೇಶನ್ ದಾಟುವವರೆಗೂ ಏನೇನು ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ, ಕೇಳಬ್ಯಾಡ್ರಿ ಅಂದದ್ದು ಬೇರೆಯವರಿಗೆ ಅನ್ನುವ ಹಾಗೆ. ಖಾನಾಪುರದಲ್ಲಿ ಅವರ ಮನೆ ಸಿಗುವುದು ಕಷ್ಟವಾಗಲಿಲ್ಲ. ಗಂಡನದು ಹೆಂಚಿನ ವ್ಯಾಪಾರ, ಊರಿಗೆಲ್ಲ ಗೊತ್ತಿದ್ದವರು. ಅಂಗಳದಲ್ಲಿ ಮಾದರಿ ಹೆಂಚುಗಳನ್ನು ಪೇರಿಸಿ ಇಟ್ಟಿದ್ದರು. ಆವತ್ತು ಯಜಮಾನರು ಹೆಂಚು ಸುಡುವ ಭಟ್ಟಿಗೆ ಹೋಗಿದ್ದರು. ಕವಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ನಾನು ಟೈಪ್ ಮಾಡಿ ತಂದ ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಎಪ್ಪತ್ತು ದಾಟಿರಬಹುದಾದ, ಸಣ್ಣ ಮೈಕಟ್ಟಿನ, ನೆಟ್ಟಗೆ ಕೂರುವ ಹೆಂಗಸು. ನಾನು ತಪ್ಪು ಟೈಪ್ ಮಾಡಿದ್ದ ಕಡೆಯೆಲ್ಲ ಬೆರಳು ನಿಲ್ಲುತ್ತಿತ್ತು. ಒಂದು ಕಡೆ ಕೊನೆಯ ಸಾಲು ಅಪೂರ್ಣ ಅನ್ನಿಸಿ ನಾನು ಒಂದು ಶಬ್ದ ಸೇರಿಸಿದ್ದೆ, ಅವರು ಪೆನ್ನು ಕೇಳಿ ತೆಗೆದುಕೊಂಡು ಅದನ್ನು ಹೊಡೆದುಹಾಕಿದರು.

"ಈ ನೀನು ಅಂದ್ರ ಯಾರ್ರಿ?" ಕೇಳಿಯೇಬಿಟ್ಟೆ.

"ಇನ್ನರ್ಧ ಕಪ್ ಚಾ ತಗೋತೀರೇನ್ರಿ?"

ಮುಖಪುಟ ತೋರಿಸಿದೆ. "ಗುಡಿ ಛಂದ ಐತಿ," ಅಂದರು. "ನಾ ಹೋಗಿಲ್ಲ."

ಹೊರಡುವ ಹೊತ್ತಿಗೆ ಅವರಾಗಿಯೇ ಮಾತು ತೆಗೆದರು. "ಒಂದ ಮಾತು. ನಮ್ಮ ಮನಿಯವರಿಗೆ ಕನ್ನಡ ತಿಳೀತೈತಿ, ಓದಾಕ ಬರೂದಿಲ್ಲ. ಕಲತ ಸಾಲಿ ಎಲ್ಲಾ ಮರಾಠಿ. ನಾ ಬರೀತೇನಿ ಅನ್ನೂದು ಗೊತ್ತೈತಿ, ಏನ್ ಬರೀತೇನಿ ಅನ್ನೂದು ಗೊತ್ತಿಲ್ಲ. ನೀವು ಬಂದು ಅವರಿಗೆ ಓದಿ ಹೇಳ್ರಿ. ಅವರು ಹೂಂ ಅಂದ್ರ ಪುಸ್ತಕ. ಇಲ್ಲಂದ್ರ ಇಲ್ಲ."

ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯ ಕವಿ, ಈ ವಯಸ್ಸಿನಲ್ಲಿ, ಗಂಡನ ಪರವಾನಗಿ ಕೇಳುವುದೇ? ಅದನ್ನೇ ಮುಖದ ಮೇಲೆ ಹೇಳಿದೆ.

"ಪರವಾನಗಿ ಅಲ್ಲರಿ," ಅಂದರು. "ಇಷ್ಟ ದಿನ ಅವರಿಗೆ ತಿಳೀಬಾರದು ಅಂತ ಬರದೆ. ಈಗ ತಿಳೀಲಿ ಅನಸಾಕತ್ತೈತಿ. ಪುಸ್ತಕ ಬಂದ ಮ್ಯಾಲ ಊರಾಗಿನವರ ಬಾಯಿಂದ ಅವರು ಕೇಳೂದು ನನಗ ಬ್ಯಾಡ."

"ನೀವ ಓದಿ ಹೇಳಬೋದಲ್ರಿ?"

"ನನ್ನ ಬಾಯಿಂದ ಆಗೂದಿಲ್ಲ."

"ಮತ್ತ ಪುಸ್ತಕದ ಮ್ಯಾಲ ಹೆಸರ ಏನ್ ಹಾಕೂಣು?"

"ಅದು ಅವರು ಕೇಳಿದ ಮ್ಯಾಲ," ಎಂದು ಚಹದ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಓದುವ ದಿನ ಗೊತ್ತಾಯಿತು, ಒಂದು ರವಿವಾರ ಮಧ್ಯಾಹ್ನ. ಅಷ್ಟರಲ್ಲಿ ಕವಿತೆಗಳನ್ನು ಒಂದು ಕ್ರಮಕ್ಕೆ ತರಬೇಕಿತ್ತು. ಯಾವುದರಿಂದ ಶುರು ಮಾಡಬೇಕು, ಯಾವುದನ್ನು ಕೊನೆಗೆ ಇಡಬೇಕು ಎಂದು ಕಾರ್ಡುಗಳನ್ನು ಮತ್ತೆ ಹರಡಿಕೊಂಡು ಕೂತೆ. ಆಗ ತೊಂದರೆ ಕೊಡಲು ಶುರು ಮಾಡಿದವು ಕೆಲವು ಕವಿತೆಗಳು. ಅವು ನನ್ನ ಸಿದ್ಧಾಂತದೊಳಗೆ ಕೂರುತ್ತಿರಲಿಲ್ಲ. ಅವುಗಳಲ್ಲೊಂದು:

ನಿನ್ನ ಅಳತೆಯ ಬಳೆ ತೆಗೆದು ನೋಡಿದೆ
ನನ್ನ ಕೈಗೆ ಈಗ ಏರುವುದಿಲ್ಲ
ಒಡೆಯಲೂ ಮನಸಿಲ್ಲ, ಹಾಗೇ ಇಟ್ಟೆ
ಬಂದರೆ ತೊಡು

ಇನ್ನೊಂದರಲ್ಲಿ "ನೀನು" ಮಳೆಯಲ್ಲಿ ತೋಯ್ದು ಹೊಸ್ತಿಲ ಹೊರಗೆ ನಿಂತು ಕೆಮ್ಮುತ್ತದೆ. ಮತ್ತೊಂದರಲ್ಲಿ ಇಬ್ಬರಿಗೂ ಇರುವುದು ಒಂದೇ ಸೀರೆ. ಶಿವನಿಗೆ ಕೆಮ್ಮು ಯಾಕೆ ಬರುತ್ತದೆ? ಮುನ್ನುಡಿಯಲ್ಲಿ ಈ ಕವಿತೆಗಳ ಬಗ್ಗೆ "ಅನುಭಾವಕ್ಕೆ ತಗುಲಿದ ಲೌಕಿಕದ ಸೋಂಕು" ಎಂದು ಒಂದು ವಾಕ್ಯ ಬರೆದು ಕೈತೊಳೆದುಕೊಂಡಿದ್ದೆ. ಈಗ ಆ ವಾಕ್ಯ ಓದಿದರೆ ನನಗೇ ನಗು ಬರುತ್ತಿತ್ತು. ಆದರೂ ಅದನ್ನು ಹೊಡೆಯಲು ಕೈ ಬರಲಿಲ್ಲ. ಒಂದು ಇಟ್ಟಿಗೆ ಎಳೆದರೆ ಗೋಡೆಯೇ ಬೀಳುತ್ತದೆಂಬ ಹೆದರಿಕೆ. ಅಡಿಪಾಯವೇ ಇಲ್ಲದ ಮನೆ ಕಟ್ಟಿದ್ದೇನೆಂಬ ಅನುಮಾನ ಅದಕ್ಕಿಂತ ಹೆಚ್ಚಾಗಿತ್ತು. ಕಾಡುವ ಕವಿತೆಗಳನ್ನು ಕಟ್ಟಿನ ಕೊನೆಗೆ ತಳ್ಳಿದೆ. ಅಷ್ಟರೊಳಗೆ ಯಜಮಾನರಿಗೆ ಜೊಂಪು ಹತ್ತಿದರೆ ಒಳ್ಳೆಯದೇ ಆಯಿತು ಎಂದುಕೊಂಡೆ.

ಜೊಂಪು ಹತ್ತುವ ಪೈಕಿಯವರಲ್ಲ ಅವರು. ರವಿವಾರ ನಾನು ಹೋದಾಗ ಪಡಸಾಲೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಪಂಚಾಯ್ತಿಗೆ ಕೂತ ಹಾಗೆ ಕೂತಿದ್ದರು. "ಬರ್ರಿ, ಕುಂದರ್ರಿ. ತಿಳೀಲಿಲ್ಲಂದ್ರ ಸೊಸಿ ಮರಾಠಿಯೊಳಗ ಹೇಳ್ತಾಳ." ಸೊಸೆ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಬಾಗಿಲಿಗೆ ಒರಗಿ ಕೂತಿದ್ದರು. ಕವಿ ಅಡುಗೆಮನೆಯಲ್ಲಿದ್ದರು. ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ನಾನು ಕವಿಗೋಷ್ಠಿಯ ಧ್ವನಿಯಲ್ಲಿ ಓದತೊಡಗಿದೆ. ಕೊಡ, ಬಿಸಿಲು, ದೀಪ. ಯಜಮಾನರು ತಲೆದೂಗಿದರು. ಮತ್ತೊಂದು, ಮಗದೊಂದು. "ಬಂದಿ", "ಕೂತಿ", "ಎದ್ದು ಹೋದಿ" ಎಂದು ಬರುತ್ತ ಹೋದಂತೆ ತಲೆದೂಗುವುದು ನಿಂತಿತು. ಕೊನೆಗೆ ಕೈ ಎತ್ತಿ ನನ್ನನ್ನು ತಡೆದರು.

"ಅಲ್ರಿ ಬಾಯಿ, ಹಗಲೆಲ್ಲಾ ಮನೀಗೆ ಬಂದು ಕುಂದರಾಂವ ಇಂವ ಯಾಂವ?"

ಪಾತ್ರೆಯ ಸದ್ದು ನಿಂತಿತು.

"ನಾ ಭಟ್ಟೀಗೆ ಹೋದಾಗ ಬರತಿದ್ನೇನು? ಯಾಂವ ಇಂವ?" ಅವರ ಧ್ವನಿ ಏರಿರಲಿಲ್ಲ, ಅದೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು. ಸೊಸೆ ನೆಲ ನೋಡುತ್ತ ಕೂತರು.

ಉತ್ತರ ನನ್ನ ಚೀಲದಲ್ಲೇ ಇತ್ತು, ಹತ್ತಾರು ಪುಟ, ಅಡಿಟಿಪ್ಪಣಿ ಸಮೇತ. "ಶರಣರು ದೇವರನ್ನ ಗಂಡ ಅಂತ ಕರೀತಾರಲ್ರಿ," ಎಂದು ಶುರು ಮಾಡಿದೆ. ಅಷ್ಟಕ್ಕೇ ಅವರ ಮುಖ ಸಡಿಲಾಯಿತು. ಅವರೂ ಲಿಂಗ ಕಟ್ಟಿಕೊಂಡವರು, ಅವರ ಕೈ ಆಗಲೇ ಎದೆಯ ಹತ್ತಿರ ಹೋಗಿತ್ತು. ಇನ್ನೊಂದೇ ವಾಕ್ಯ ಹೇಳಿದರೆ ಹೂಂ ಅನ್ನುತ್ತಿದ್ದರು. ಪುಸ್ತಕ ಬರುತ್ತಿತ್ತು. ಹಲಸಿಯ ಗುಡಿ ಮುಖಪುಟದ ಮೇಲೆ, ನನ್ನ ಸಿದ್ಧಾಂತ ಒಳಗೆ, ಎಲ್ಲರಿಗೂ ಸಮಾಧಾನ.

ಆ ಒಂದು ವಾಕ್ಯ ನನ್ನ ಬಾಯಿಂದ ಬರಲಿಲ್ಲ. ಅಡುಗೆಮನೆ ನಿಶ್ಶಬ್ದವಾಗಿತ್ತು. ಅಲ್ಲಿ ಒಬ್ಬರು ಒದ್ದೆ ಕೈಯಲ್ಲಿ ನಿಂತು, ತಾವು ಯಾರಿಗೂ ಹೇಳದ್ದನ್ನು ನಾನು ಹೇಗೆ ಮುಚ್ಚಿಹಾಕುತ್ತೇನೆಂದು ಕೇಳುತ್ತಿದ್ದರು. ಗಂಡನಿಗೆ ತಿಳಿಯಲಿ ಎಂದು ನನ್ನನ್ನು ಕರೆಸಿದವರು ಅವರು. ನಾನು ಅವರನ್ನು ಭಕ್ತೆ ಮಾಡಿ, ಕೈಮುಗಿದು, ಮತ್ತೆ ಒಳಗೇ ಕೂಡಿಹಾಕಿ ಬಾಗಿಲು ಎಳೆದುಕೊಂಡು ಬರುತ್ತಿದ್ದೆ. ನನಗೆ ನಾಚಿಕೆಯಾಯಿತು.

"ಇಲ್ರಿ," ಅಂದೆ. "ದೇವರು ಅಂತ ನಾ ಬರದೇನಿ. ಆದ್ರ ಅದು ಕೂಡೂದಿಲ್ಲ. ಯಾರು ಅನ್ನೂದು ಖರೇನ ನನಗ ಗೊತ್ತಿಲ್ಲ."

ಪ್ರಕಾಶಕರು ಅಲ್ಲಿದ್ದಿದ್ದರೆ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಯಜಮಾನರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಗೊತ್ತಿಲ್ಲಂದ್ರ ಮತ್ತೊಮ್ಮೆ ಓದ್ರಿ. ಸಾವಕಾಶ ಓದ್ರಿ. ನಾಟಕ ಮಾಡಬ್ಯಾಡ್ರಿ."

ನಾಟಕ ಅಂದದ್ದು ಸರಿಯಾಗಿಯೇ ನಾಟಿತು. ಈ ಸಲ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ ಓದಿದೆ. ತಾಮ್ರದ ಕೊಡದ ತುಂಬ ಇಳಿಬಿಸಿಲ ನೀರು. ಅಕ್ಕಿ ಆರಿಸುವಾಗ ಮಗ್ಗುಲಿಗೆ ಬಂದು ಕೂತಿ. ಕೊನೆಯ ಗಿಡ್ಡ ಸಾಲಿಗೆ ಬಂದಾಗ ನನ್ನ ಧ್ವನಿ ಇಳಿಯಲಿಲ್ಲ. ತಾನಾಗಿ ಏರಿ, ಮುಂದೇನೋ ಬರಬೇಕೆಂಬಂತೆ ನಿಂತುಬಿಟ್ಟಿತು. ಮುಂದಿನ ಕವಿತೆಯಲ್ಲೂ ಹಾಗೆಯೇ ಆಯಿತು. ಈ ನಿಲುಗಡೆ ನನ್ನ ಬಾಯಿಗೆ ಎಲ್ಲಿಯದೋ ಪರಿಚಯ. ಎಲ್ಲಿಯದೆಂದು ಹೊಳೆಯುವಷ್ಟರಲ್ಲಿ ಸೊಸೆ ತಲೆ ಎತ್ತಿದರು.

"ಮ್ಯಾಡಂ, ಇದು ಉಖಾಣಾ ಇದ್ದಂಗ ಐತಲ್ರಿ. ಹೆಸರ ಹೇಳೂದೊಂದು ಉಳದೈತಿ."

ಒಡಪು! ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಮದುವೆಯಲ್ಲಿ, ಸೀಮಂತದಲ್ಲಿ, ಹೆಂಗಸರೆಲ್ಲ ದಾರಿ ಕಟ್ಟಿ ಹಟ ಹಿಡಿದಾಗ ಮಾತ್ರ, ಎರಡು ಸಾಲು ಪದ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಕನ್ನಡದ ಮನೆಯಲ್ಲಿ ಅದು ಒಡಪು, ಮರಾಠಿ ಮನೆಯಲ್ಲಿ ಉಖಾಣಾ. ನನ್ನ ಮದುವೆಯಲ್ಲಿ ನಾನೂ ಹೊಸ್ತಿಲಲ್ಲಿ ನಿಂತು, "ಹಿತ್ತಲದ ಬಾಳಿ ಎಲಿಗೆ ತುಪ್ಪದ ಧಾರಿ" ಎಂದು ಶುರು ಮಾಡಿ, ಗಂಡನ ಹೆಸರು ಹೇಳಿ, "ಬಿಡ್ರಿ ನನ್ನ ದಾರಿ" ಎಂದು ಮುಗಿಸಿದ್ದೆ. ಕೊಡ, ಅಕ್ಕಿ, ದೀಪ, ಹೊಸ್ತಿಲು ಎಲ್ಲ ಒಡಪಿನ ಸಾಮಾನುಗಳೇ. ಮನೆಯಲ್ಲಿದ್ದ ವಸ್ತುವನ್ನು ನಾನು ಹನ್ನೆರಡನೆಯ ಶತಮಾನದಲ್ಲಿ ಹುಡುಕುತ್ತಿದ್ದೆ. ಒಂದು ಕಡೆ ಖುಷಿ, ಇನ್ನೊಂದು ಕಡೆ ನನ್ನ ಮೇಲೇ ಸಿಡುಕು.

ನನಗೆ ಹೊಳೆದದ್ದನ್ನು ಯಜಮಾನರಿಗೆ ಹೇಳಿದೆ. ಈ ಕವಿತೆಗಳು ಒಡಪಿನ ನಡಿಗೆಯಲ್ಲಿ ಬರುತ್ತವೆ, ಹೆಸರು ಬರುವ ಜಾಗಕ್ಕೆ ಬಂದು ನಿಲ್ಲುತ್ತವೆ, ಆ ಹೆಸರನ್ನು ಹೇಳಲಾಗದವರು ಬರೆದ ಕವಿತೆಗಳಿವು ಎಂದೆ. ಅವರಿಗೆ ಸಮಾಧಾನ ಆಗುತ್ತದೆಂದುಕೊಂಡಿದ್ದೆ.

ಅವರು ಅಷ್ಟು ಸುಲಭದವರಲ್ಲ. "ಹೆಸರ ಬಿಟ್ಟ ಒಡಪು ಯಾರದಾದ್ರೂ ಆಗತೈತ್ರಿ," ಅಂದರು. "ನಂದು ಅಲ್ಲ ಅದು. ನನ್ನ ಹೆಸರ ಅಕಿ ಎಷ್ಟೋ ಮದವ್ಯಾಗ ಎಲ್ಲಾರ ಮುಂದ ಹೇಳ್ಯಾಳ. ಮುಚ್ಚಿ ಇಡಾಕ ಏನ್ ಕಾರಣ? ಇನ್ನೂ ಅದಾವೇನು? ಎಲ್ಲಾ ಓದ್ರಿ."

ಕೊನೆಗೆ ತಳ್ಳಿದ್ದ ಕವಿತೆಗಳೇ ಉಳಿದಿದ್ದವು. ಈಗ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಳೆಯ ಕೆಮ್ಮು ಓದಿದೆ, ಒಂದೇ ಸೀರೆ ಓದಿದೆ. ಆಮೇಲೆ ಬಳೆಯ ಕವಿತೆ. ನಿನ್ನ ಅಳತೆಯ ಬಳೆ ತೆಗೆದು ನೋಡಿದೆ. ನನ್ನ ಕೈಗೆ ಈಗ ಏರುವುದಿಲ್ಲ. ಒಡೆಯಲೂ ಮನಸಿಲ್ಲ, ಹಾಗೇ ಇಟ್ಟೆ. ಬಂದರೆ ತೊಡು.

ಯಜಮಾನರು ಕುರ್ಚಿಯ ಹಿಡಿಕೆ ಬಿಟ್ಟು ತಮ್ಮ ಬಲಗೈ ನೋಡಿಕೊಂಡರು. ಆಮೇಲೆ ಮಾತಾಡಿದ್ದು ನನ್ನೊಡನೆ ಅಲ್ಲ, ಸೊಸೆಯೊಡನೆಯೂ ಅಲ್ಲ ಅನ್ನಿಸಿತು.

"ಲಗ್ನದಾಗ ತಾಟಿನೊಳಗ ಅಕ್ಕಿ ಹರವಿ ಇಟ್ರು. ಉಂಗರದ್ಲೆ ಅಕಿಗೆ ಹೊಸ ಹೆಸರ ಬರಿ ಅಂದ್ರು. ಅಕಿ ತವರೂರು ಬೈಲಹೊಂಗಲದ ಕಡಿ, ಅಲ್ಲಿ ಹೆಸರ ಹಳ್ಳಿ ಹೆಸರು. ನಮ್ಮವ್ವಗ ಅದು ಸೇರಲಿಲ್ಲ. ಛಂದಂದು ಒಂದ ಹುಡುಕಿ ಇಟ್ಟಿದ್ಲು. ನಾ ಬರದೆ. ಅಕ್ಷರ ಛಲೋ ಬಂದಾವ ಅಂತ ಎಲ್ಲಾರೂ ನಕ್ರು. ಅಕಿ ಬಾಜೂಕ ಕುಂತು ನೋಡಾಕತ್ತಿದ್ಲು. ಅಕಿ ಅಣ್ಣ ಇರೂತನಾ ಆ ಹಳೇ ಹೆಸರ್ಲೆ ಕರೀತಿದ್ದ. ಅವ ಹೋದ ಮ್ಯಾಲ ಹಂಗ ಕರಿಯಾವ್ರು ಯಾರೂ ಉಳಿದಿಲ್ಲ."

ಸೊಸೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅತ್ತೆಗೆ ಬೇರೊಂದು ಹೆಸರಿತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ. ನಾನು ಮೊಣಕಾಲ ಮೇಲಿನ ಹಾಳೆಗಳನ್ನು ನೋಡಿದೆ. ಅಕ್ಕಿ ಆರಿಸುವಾಗ ಮಗ್ಗುಲಿಗೆ ಬಂದು ಕೂತವಳು. ಮಳೆಯಲ್ಲಿ ತೋಯ್ದು ಹೊಸ್ತಿಲ ಹೊರಗೆ ನಿಂತವಳು. ಚಿಕ್ಕ ಕೈಯವಳು. ಅಷ್ಟು ತಿಂಗಳು ಗೆರೆ ಎಳೆದು ಎಳೆದು ಓದಿದ ನನಗೆ, ತವರಿನಲ್ಲೇ ಹೆಸರು ಬಿಟ್ಟು ಬಂದ ಆ ಹುಡುಗಿ ಕಂಡಿರಲಿಲ್ಲ. ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲಿಲ್ಲ.

ಯಜಮಾನರು ಎದ್ದು ನಿಂತರು. ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟು, ಅಲ್ಲೇ ನಿಂತರು.

"ಮಲ್ಲವ್ವಾ," ಎಂದು ಕರೆದರು.

"ಓ," ಎಂದು ಒಳಗಿಂದ ಕೂಡಲೇ ಉತ್ತರ ಬಂತು, ಯೋಚನೆ ಮಾಡಲು ಹೊತ್ತೇ ಇಲ್ಲದಷ್ಟು ಬೇಗ.

ಸ್ವಲ್ಪ ಹೊತ್ತಿಗೆ ಕವಿ ಬಾಗಿಲಿಗೆ ಬಂದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಜಮಾನರು ನನ್ನ ಕಡೆ ತಿರುಗಿ, "ಪುಸ್ತಕ ಛಾಪಸ್ರಿ. ಈ ಹೆಸರ್ಲೆ ಛಾಪಸ್ರಿ," ಅಂದರು. ನಾನು ಕವಿಯ ಮುಖ ನೋಡಿದೆ, ಒಪ್ಪಿಗೆ ಹೇಳಬೇಕಾದವರು ಅವರಲ್ಲವೇ. ಅವರು ನನ್ನ ಕಡೆ ನೋಡಲೇ ಇಲ್ಲ. ಗಂಡನನ್ನೇ ನೋಡುತ್ತ ನಿಂತಿದ್ದರು.

"ಇನ್ನೊಮ್ಮೆ ಕರೀರಿ," ಅಂದರು.